ಮೇಲೆ ಹಕ್ಕಿ, ಕೆಳಗೆ ಆಮೆ: ಹಕ್ಕಿಮನೆ ಕಟ್ಟುವ ತಮ್ಮನಿಗೆ ಕಿವಿಮಾತು

ತಮ್ಮಾ, ಹರಿಹರದ ಮನೆಯ ಹಿತ್ತಲಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಏವಿಯರಿ ಕಟ್ಟಿಸಿ, ಮೇಲೆ ಬಣ್ಣದ ಹಕ್ಕಿ, ಕೊಂಬೆಯಲ್ಲೊಂದು ಇಗ್ವಾನಾ, ನೆಲದಲ್ಲಿ ಆಮೆ ಬಿಡಬೇಕೆಂದಿದ್ದೀಯ. ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿದೆಯಲ್ಲ, ಅದು ನನಗೆ ಬಹಳ ಸಂತೋಷ ತಂದಿತು. ದಾವಣಗೆರೆಯಲ್ಲೂ ಹರಿಹರದಲ್ಲೂ ಈಗ ಈ ಆಸೆಯ ಹುಡುಗರು ಬಹಳ ಮಂದಿ. ನಿನಗೆ ಹೇಳುವುದು ಅವರಿಗೂ ಆದೀತೆಂದು ಬಿಡಿಸಿ ಬರೆದಿದ್ದೇನೆ.

• ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಕ್ಕಿಯೂ ಸರೀಸೃಪವೂ ಅಕ್ಕಪಕ್ಕ ಇರಲಿ, ಒಂದೇ ಗೂಡಿನೊಳಗೆ ಬೇಡ. ಕಾಗದದ ಮೇಲೆ ಮಹಡಿ ಹಕ್ಕಿಗೆ, ನೆಲ ಆಮೆಗೆ ಎಂದು ಗೆರೆ ಎಳೆಯುವುದು ಸುಲಭ. ಆದರೆ ನಡುವೆ ಸ್ಲ್ಯಾಬ್ ಇಲ್ಲ. ಹಿಕ್ಕೆ ಬೀಳುತ್ತದೆ, ಕಾಳು ಬೀಳುತ್ತದೆ, ಹಾರಲು ಬಾರದ ಮರಿ ಬೀಳುತ್ತದೆ. ಕೆಳಗಿರುವ ಜೀವ ಅದರ ಮೇಲೆ ಓಡಾಡಬೇಕು, ಅದನ್ನೇ ತಿನ್ನಬೇಕು. ಎರಡು ಪ್ರಾಣಿ ಕಚ್ಚಾಡಲಿಲ್ಲ ಎಂದ ಮಾತ್ರಕ್ಕೆ ಹೊಂದಿಕೊಂಡವು ಎನ್ನಬೇಡ. ಎರಡಕ್ಕೂ ಬೇಕಾದ ಬಿಸಿಲು, ತೇವ, ಊಟ, ಕತ್ತಲೆ ಒಂದೇ ಆಗಿದ್ದರೆ ಮಾತ್ರ ಹೊಂದಿಕೆ.

• ಮೈಸೂರಿನ ಕಾರಂಜಿ ಕೆರೆಯ ಹಕ್ಕಿಮನೆ ನೋಡಿ ನಿನಗೆ ಈ ಆಸೆ ಹುಟ್ಟಿದ್ದರೆ ತಪ್ಪಲ್ಲ. ಅದು 60 ಮೀಟರ್ ಉದ್ದ, 40 ಮೀಟರ್ ಅಗಲ, 20 ಮೀಟರ್ ಎತ್ತರ. ಅಲ್ಲಿ ಒಂದು ಹಕ್ಕಿಗೆ ಇನ್ನೊಂದು ಸೇರದಿದ್ದರೆ ಮರದಾಚೆ ಹೋಗಿ ಕೂರುತ್ತದೆ, ದಿನವಿಡೀ ಮುಖ ನೋಡಬೇಕಿಲ್ಲ. ನಿನ್ನ 12 ಅಡಿಯಲ್ಲಿ ಆ ಅವಕಾಶವಿಲ್ಲ. ಅಲ್ಲಿ ಕೂಡಿ ಬಾಳುವ ಜಾತಿಗಳ ಪಟ್ಟಿಯನ್ನು ಇಲ್ಲಿಗೆ ತರಬೇಡ.

• ಇನ್ನು ಕಾಯ್ದೆ. ಇದನ್ನು ಓದಿ ಬದಿಗಿಡಬೇಡ, ನೀನು ಕೊಳ್ಳುವ ಜೀವಿಗಳ ಪಟ್ಟಿ ಇಲ್ಲಿಂದಲೇ ಶುರುವಾಗಬೇಕು. ನಮ್ಮ ನೆಲದ ಹಕ್ಕಿ ಯಾವುದನ್ನೂ ಗೂಡಿನಲ್ಲಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಗಿಳಿ, ಗೊರವಂಕ, ರಾಟವಾಳ, ಗೌಜಲಕ್ಕಿ ಎಲ್ಲ ಇವೆ. ದೇಶೀ ಹಕ್ಕಿಗಳ ವ್ಯಾಪಾರ 1990–91ರಿಂದಲೇ ನಿಂತಿದೆ. "ಮರಿಯಿದ್ದಾಗಿಂದ ಸಾಕಿದ ಗಿಳಿ, ಮಾತಾಡುತ್ತೆ" ಎಂದು ಯಾರಾದರೂ ತಂದುಕೊಟ್ಟರೆ ಕೈ ಮುಗಿದು ಕಳಿಸು. ರಾಟವಾಳಕ್ಕೆ ಹಸಿರು, ಕೆಂಪು ಬಣ್ಣ ಬಳಿದು ವಿದೇಶಿ ಫಿಂಚ್ ಎಂದು ಮಾರುವವರೂ ಇದ್ದಾರೆ. ರೆಕ್ಕೆಯ ಬುಡ ಎತ್ತಿ ನೋಡು, ಬಣ್ಣ ಅಲ್ಲಿಗೆ ಮುಟ್ಟಿರುವುದಿಲ್ಲ.

• ನಕ್ಷತ್ರ ಆಮೆಯ ಹೆಸರೇ ಎತ್ತಬೇಡ. ಹಕ್ಕಿಮನೆಯ ನೆಲಕ್ಕೆ ಹೇಳಿ ಮಾಡಿಸಿದಂತಿದೆ, ಒಣ ಹವೆಗೆ ಹೊಂದುತ್ತದೆ, ಅಂಗೈಯಗಲ, ಮನೆಗೆ ಅದೃಷ್ಟ ಎಂದೆಲ್ಲ ಹೇಳಿ ಕದ್ದುಮುಚ್ಚಿ ಮಾರುತ್ತಾರೆ. 2019ರಲ್ಲಿ ಅದು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿತು. 2022ರ ತಿದ್ದುಪಡಿಯಲ್ಲಿ ನಮ್ಮ ಕಾಯ್ದೆಯ ಮೊದಲನೇ ಅನುಸೂಚಿಗೂ ಬಂತು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಸಿಕ್ಕಿಬಿದ್ದರೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ 7 ವರ್ಷದವರೆಗೆ ಜೈಲು, ದಂಡ ಬೇರೆ. ಕೆರೆಯಲ್ಲಿ ಸಿಗುವ ಆಮೆ, ಹೊಲದ ಉಡ, ಬೇಲಿಯ ಗೋಸುಂಬೆ ಇವನ್ನೂ ಹಿಡಿದು ತರಬೇಡ.

• ವಿದೇಶಿ ಜಾತಿ ಎಂದರೆ ಯಾರೂ ಕೇಳುವುದಿಲ್ಲ ಎಂಬ ಮಾತು ಹಳೆಯದಾಯಿತು. 2024ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದಿದೆ. ಸೈಟಿಸ್ ಪಟ್ಟಿಯಲ್ಲಿರುವ ಜೀವಿಯನ್ನು ತಂದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಡ್ಜಿ, ಕಾಕಟೈಲ್, ಪೀಚ್ ಮುಖದ ಆಫ್ರಿಕನ್ ಲವ್ ಬರ್ಡ್ ಈ ಮೂರೂ ಆ ಪಟ್ಟಿಯ ಹೊರಗಿವೆ. ಜೀಬ್ರಾ ಫಿಂಚ್ ಕೂಡ ಇಲ್ಲ. ಆದರೆ ಫಿಶರ್ಸ್ ಲವ್ ಬರ್ಡ್ ಇದೆ, ಕಾನ್ಯೂರ್ ಇದೆ, ಎಲ್ಲರೂ ಸಲೀಸಾಗಿ ತರುವ ಜಾವಾ ಗುಬ್ಬಿಯೂ ಇದೆ. ಇಗ್ವಾನಾ, ಬಾಲ್ ಪೈಥಾನ್, ಸುಲ್ಕಾಟಾ ಆಮೆ ಎಲ್ಲವೂ ಪಟ್ಟಿಯಲ್ಲಿವೆ. ಮಾರುವವನ ಹೆಸರಲ್ಲಿ ನೋಂದಣಿ ಇದೆಯೇ, ಅದನ್ನು ನಿನ್ನ ಹೆಸರಿಗೆ ವರ್ಗ ಮಾಡಿಕೊಡುತ್ತಾನೆಯೇ ಎಂದು ಕೇಳು. "ಆಮೇಲೆ ನೋಡೋಣ" ಎಂದನೋ, ಅಂಗಡಿಯಿಂದ ಹೊರಗೆ ಬಾ.

• ಟಿಕೆಟ್ ಇಟ್ಟು ಜನರಿಗೆ ತೋರಿಸುವ ಯೋಚನೆ ಇದ್ದರೆ ಅದು ಬೇರೆಯೇ ದಾರಿ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಮನೆಯ ಹಿತ್ತಲಲ್ಲಿ ಆಗುವ ಕೆಲಸವಲ್ಲ.

• ಈಗ ಹಕ್ಕಿಗಳು. ನಮ್ಮೂರಲ್ಲಿ ಬಡ್ಜಿಯನ್ನೇ ಲವ್ ಬರ್ಡ್ಸ್ ಎನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲ, ದಪ್ಪ ಕೊಕ್ಕು. ಹೆಸರು ನಂಬಿ ಎರಡನ್ನೂ ಒಂದೇ ಗೂಡಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಡ್ಜಿಗಳ ಕಾಲ್ಬೆರಳು ಹೋಗಿರುತ್ತದೆ. ಆಫ್ರಿಕನ್ ಲವ್ ಬರ್ಡ್ ತನ್ನ ಜಾತಿಯ ಜೊತೆಗಷ್ಟೇ ಇರಲಿ. ಅಕ್ಕಪಕ್ಕದ ಗೂಡುಗಳಿಗೆ ಒಂದೇ ಜಾಲರಿಯ ಗೋಡೆ ಹಾಕಿದರೂ ಅದು ಆಚೆ ಕೂತ ಹಕ್ಕಿಯ ಬೆರಳನ್ನು ಜಾಲರಿಯೊಳಗಿಂದಲೇ ಕಚ್ಚುತ್ತದೆ. ನಡುವಿನ ಗೋಡೆಗೆ ಎರಡು ಪದರ ಜಾಲರಿ ಹಾಕಿ, ಮಧ್ಯೆ ಎರಡು ಇಂಚು ಸಂದು ಬಿಡು.

• ನನ್ನ ಅನುಭವದಲ್ಲಿ ಜಗಳವಿಲ್ಲದ ಜೋಡಣೆ ಇದು: ಜೀಬ್ರಾ ಫಿಂಚ್, ಬೆಂಗಾಲೀಸ್ ಫಿಂಚ್, ನೆಲದಲ್ಲಿ ಓಡಾಡಲು ಡೈಮಂಡ್ ಡವ್. ಕಾಕಟೈಲ್ ದೊಡ್ಡದಾದರೂ ಸಾಧು. ಜಾಗ ಧಾರಾಳವಿದ್ದರೆ ಇವುಗಳ ಜೊತೆ ಒಂದು ಜೋಡಿ ಇರಬಹುದು. ಬಡ್ಜಿಯನ್ನು ಫಿಂಚ್ ಜೊತೆ ಬಿಡಬೇಡ. ಅದು ತುಂಟಾಟಕ್ಕೇ ಕಚ್ಚಿದರೂ ಫಿಂಚಿನ ಕಡ್ಡಿಯಂಥ ಕಾಲು ಮುರಿಯುತ್ತದೆ. ಬಡ್ಜಿ ಬೇಕೆಂದರೆ ಬಡ್ಜಿಗಳದ್ದೇ ಗುಂಪು ಮಾಡು, ಹೆಣ್ಣುಗಳ ಸಂಖ್ಯೆ ಗಂಡಿಗಿಂತ ಹೆಚ್ಚಾಗದಂತೆ ನೋಡಿಕೊ. ಗೂಡಿಗೆಂದು ಕಟ್ಟುವ ಮಡಕೆಗಾಗಿ ಹೊಡೆದಾಡುವುದು ಹೆಣ್ಣುಗಳೇ.

• ಕಾನ್ಯೂರ್, ಇನ್ನೂ ದೊಡ್ಡ ಗಿಳಿಗಳು: ಯಾರ ಜೊತೆಯೂ ಬೇಡ.

• ನೆಲಕ್ಕೆ ಕ್ವೇಲ್ ಬಿಡಬಹುದೇ ಎಂದು ಕೇಳುತ್ತಾರೆ. ಅದು ಬೆದರಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಗಡಿಗೆ ತಲೆ ಬಡಿದುಕೊಳ್ಳುತ್ತದೆ. ನೆಲದಲ್ಲಿ ಆಮೆಯೂ ಇದ್ದರೆ ಕ್ವೇಲ್ ಇಟ್ಟ ಮೊಟ್ಟೆ ಒಂದೂ ಉಳಿಯುವುದಿಲ್ಲ. ನಾನಾದರೆ ಬಿಡುವುದಿಲ್ಲ.

• ಗೂಡಿನ ಮಡಕೆಗಳನ್ನು ಜೋಡಿಗಿಂತ ಎರಡು ಹೆಚ್ಚಿಗೆ ಕಟ್ಟು, ಎಲ್ಲವೂ ಒಂದೇ ಎತ್ತರದಲ್ಲಿರಲಿ. ಮೇಲಿನ ಮಡಕೆ, ಕೆಳಗಿನ ಮಡಕೆ ಎಂದಾದರೆ ಎಲ್ಲಕ್ಕೂ ಮೇಲಿನದೇ ಬೇಕು. ಫಿಂಚ್‌ಗೆ ತೆಂಗಿನ ನಾರು ಕೊಡುವಾಗ ಎರಡು ಇಂಚಿಗೆ ಕತ್ತರಿಸು. ಉದ್ದ ನಾರು ಮರಿಯ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡದೆ ಕಾಲು ಒಣಗಿ ಹೋಗುತ್ತದೆ.

• ಹಕ್ಕಿ ಹಾರುವುದು ಅಡ್ಡಕ್ಕೆ. ಎತ್ತರಕ್ಕಿಂತ ಉದ್ದಕ್ಕೆ ದುಡ್ಡು ಹಾಕು. ನಿನ್ನ ಅಳತೆಗೆ ಏಳೆಂಟು ಜೋಡಿ ಸಣ್ಣ ಹಕ್ಕಿ ಸಾಕು. ಎಲ್ಲವನ್ನೂ ಒಂದೇ ದಿನ ಒಳಗೆ ಬಿಡು. ಮೊದಲು ಬಂದದ್ದು ಜಾಗವನ್ನು ತನ್ನದೆಂದುಕೊಂಡು ಆಮೇಲೆ ಬಂದದ್ದನ್ನು ಅಟ್ಟಾಡಿಸುತ್ತದೆ.

• ಇನ್ನು ನೀನು ಬರೆದ ಸರೀಸೃಪಗಳು. ಇಗ್ವಾನಾ ಸೊಪ್ಪು ತಿನ್ನುವ ಪ್ರಾಣಿ, ಹಕ್ಕಿಯ ಗೋಜಿಗೆ ಹೋಗುವುದಿಲ್ಲ ಎಂದು ನಿನಗೆ ಹೇಳಿದ್ದಾರೆ. ಸೊಪ್ಪು ತಿನ್ನುವುದು ನಿಜ. ಆದರೆ ಬಾಲ ಸೇರಿ ಐದಾರು ಅಡಿ ಬೆಳೆಯುತ್ತದೆ. ಅದು ಕೊಂಬೆ ಹತ್ತಿದರೆ ಮಡಕೆಗಳು ಉಳಿಯುವುದಿಲ್ಲ, ಬಾಲ ಬೀಸಿದರೆ ಫಿಂಚ್ ಸಾಯುತ್ತದೆ, ದಾರಿಯಲ್ಲಿ ಸಿಕ್ಕ ಮೊಟ್ಟೆಯನ್ನು ನುಂಗಲೂಬಹುದು. ಅದಕ್ಕೆ ತೇವದ ಸೆಕೆ ಬೇಕು. ನಮ್ಮ ಏಪ್ರಿಲ್ಲಿನ ಒಣ ಬಿಸಿಲಿನಲ್ಲಿ ಅದರ ಚರ್ಮ ಸರಿಯಾಗಿ ಸುಲಿಯದೆ ಬೆರಳುಗಳಿಗೆ ಬಿಗಿದುಕೊಳ್ಳುತ್ತದೆ. ತೇವಕ್ಕೆಂದು ಇಡೀ ಏವಿಯರಿಗೆ ದಿನವಿಡೀ ನೀರು ಚಿಮುಕಿಸಿದರೆ ಕೆಳಗೆ ಬಿದ್ದ ಕಾಳಿಗೆ ಬೂಸ್ಟು ಹಿಡಿದು ಹಕ್ಕಿಗಳ ಶ್ವಾಸಕೋಶ ಕೆಡುತ್ತದೆ. ಒಂದನ್ನು ಉಳಿಸಲು ಹೋದರೆ ಇನ್ನೊಂದು ಹೋಗುತ್ತದೆ.

ಬಿಯರ್ಡೆಡ್ ಡ್ರ್ಯಾಗನ್ ಒಣ ಹವೆಯದ್ದೇ, ಆದರೆ ಹುಳ ತಿನ್ನುವ ಬಾಯಿ ಅದು. ನೆಲಕ್ಕೆ ಬಿದ್ದ ಫಿಂಚ್ ಮರಿಗೂ ಹುಳಕ್ಕೂ ಭೇದ ಮಾಡುವುದಿಲ್ಲ. ಲೆಪರ್ಡ್ ಗೆಕ್ಕೊ ರಾತ್ರಿ ಓಡಾಡುವ ಜೀವ, ಹಕ್ಕಿಗಳು ನಿದ್ದೆ ಮಾಡುವ ಹೊತ್ತಿಗೆ ಅದರ ಬೇಟೆ ಶುರು. ಹಾವಿನ ವಿಷಯ ಬರೆಯುವುದೇ ಬೇಡ, ಹಕ್ಕಿ ಅದರ ಊಟ.

ಕೆಂಪು ಕಿವಿಯ ನೀರಾಮೆಯನ್ನು, ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುತ್ತದಲ್ಲ ಅದನ್ನು, ಕೊಳ ಮಾಡಿ ಬಿಡಬೇಕೆಂದು ಬಹಳ ಜನ ಯೋಚಿಸುತ್ತಾರೆ. ಹಕ್ಕಿಗಳು ಅದೇ ಕೊಳದಲ್ಲಿ ಕುಡಿಯುತ್ತವೆ, ಮೀಯುತ್ತವೆ. ಆಮೆ ಅದೇ ನೀರಿನಲ್ಲಿ ಹೇಲುತ್ತದೆ. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ರೋಗಾಣು ಇದ್ದರೂ ಅವು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ, ಹಕ್ಕಿಗೂ ಮಕ್ಕಳಿಗೂ ದಾಟಿಸುತ್ತವೆ. ಈ ಪುಟ್ಟ ಆಮೆಗಳಿಂದ ಮಕ್ಕಳಿಗೆ ಕಾಯಿಲೆ ಹಬ್ಬಿತೆಂದೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು. ನಿನ್ನ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದೆ, ಇದನ್ನು ಮರೆಯಬೇಡ.

• ಉಳಿಯುವುದು ನೆಲದ ಆಮೆ. ಸುಲ್ಕಾಟಾ ಮರಿ ಮುದ್ದಾಗಿರುತ್ತದೆ. ದೊಡ್ಡದಾದರೆ 40–50 ಕಿಲೋ ತೂಗುತ್ತದೆ, ನೆಲ ತೋಡಿ ಬಿಲ ಮಾಡುತ್ತದೆ, ನಿನ್ನ ಏವಿಯರಿಯ ಪಾಯವೇ ಅಲುಗುತ್ತದೆ. ರೆಡ್ ಫೂಟ್ ಆಮೆ ಒಂದಡಿಯಷ್ಟಕ್ಕೆ ನಿಲ್ಲುತ್ತದೆ, ಸ್ವಭಾವವೂ ಮೆದು, ಆದರೆ ಕಾಡಂಚಿನ ತಂಪಿನ ಜೀವ. ನಮ್ಮ ಬೇಸಿಗೆಗೆ ನೆರಳು, ಒದ್ದೆ ಎಲೆಯ ಹಾಸಿಗೆ ಬೇಕೇಬೇಕು. ಕಾಗದಪತ್ರ ಸರಿಯಿರುವ ರೆಡ್ ಫೂಟ್ ಸಿಕ್ಕರೆ ಅದೊಂದಕ್ಕೆ ನನ್ನ ಒಪ್ಪಿಗೆ ಇದೆ, ಪಕ್ಕದ ಅಂಕಣದಲ್ಲಿ ಮಾತ್ರ.

• ಪಕ್ಕದ ಅಂಕಣ ಯಾಕೆ ಎಂದು ಕೇಳುತ್ತೀಯ. ಹಕ್ಕಿಯ ಕೆಳಗೆ ಆಮೆ ಇಟ್ಟ ಗೂಡನ್ನು ಮಧ್ಯಾಹ್ನದ ಹೊತ್ತು ಹೋಗಿ ನೋಡು. ಬೆಳಿಗ್ಗೆ ಇಟ್ಟ ದಾಸವಾಳದ ಎಲೆಯ ಮೇಲೆ ನವಣೆಯ ಹೊಟ್ಟು ಮಂಜಿನಂತೆ ಕೂತಿರುತ್ತದೆ, ನಡುನಡುವೆ ಬಿಳಿ ಹಿಕ್ಕೆ. ಆಮೆ ಎಲೆ ಬಿಟ್ಟು ಕೆಳಗೆ ಚೆಲ್ಲಿದ ಕಾಳನ್ನೇ ಒಂದೊಂದಾಗಿ ನೆಕ್ಕುತ್ತಿರುತ್ತದೆ. ಸೊಪ್ಪು ತಿನ್ನುವ ಆಮೆಗೆ ದಿನಾ ಕಾಳು ಸಿಕ್ಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಬೇಗ ಬೆಳೆಯುತ್ತದೆ, ಚಿಪ್ಪು ಗೋಪುರ ಗೋಪುರವಾಗಿ ಏಳುತ್ತದೆ. ಒಮ್ಮೆ ಎದ್ದ ಚಿಪ್ಪು ಮತ್ತೆ ಸಪಾಟಾಗುವುದಿಲ್ಲ. ಅಂಕಣ ಬೇರೆಯಾದರೆ ಇದ್ಯಾವುದೂ ಇಲ್ಲ. ನಡುವೆ ಒಂದೂವರೆ ಅಡಿ ಇಟ್ಟಿಗೆ ಗೋಡೆ, ಅದರ ಮೇಲೆ ಜಾಲರಿ. ನೋಡುವವರ ಕಣ್ಣಿಗೆ ಎರಡೂ ಒಂದೇ ತೋಟದಂತೆ ಕಾಣುತ್ತದೆ. ನಿನಗೆ ಬೇಕಾದದ್ದೂ ಅದೇ ಅಲ್ಲವೇ?

• ಆಮೆಯ ನೀರಿನ ತಟ್ಟೆ ಅದರ ಗಲ್ಲ ಮುಟ್ಟುವಷ್ಟು ಆಳವಿರಲಿ, ಹೆಚ್ಚು ಬೇಡ. ನೆಲದಲ್ಲಿ ಕಡಿದಾದ ಕಲ್ಲು ಇಡಬೇಡ. ಬಿಸಿಲಲ್ಲಿ ಮಗುಚಿ ಬಿದ್ದ ಆಮೆ ತಾನಾಗಿ ಏಳಲಾಗದೆ ಸಾಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಮ್ಮೆ ಯಾರಾದರೂ ಇಣುಕಿ ನೋಡಲೇಬೇಕು.

• ಇನ್ನೊಂದು ಮಾತು. ನೀನು ತರದಿದ್ದರೂ ಸರೀಸೃಪಗಳು ನಿನ್ನ ಹಕ್ಕಿಮನೆಗೆ ಬಂದೇ ಬರುತ್ತವೆ. ಹರಿಹರದ ಸುತ್ತ ಭದ್ರಾ ನಾಲೆಯ ಭತ್ತದ ಗದ್ದೆ. ಕೊಯ್ಲು ಮುಗಿದರೆ ಇಲಿ ಊರಿನತ್ತ ಬರುತ್ತದೆ, ಅದರ ಹಿಂದೆ ಕೇರೆ ಹಾವು, ಕೆಲವೊಮ್ಮೆ ನಾಗರ. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ, ಬಾತಿ, ಕೊಂಡಜ್ಜಿ ಕಡೆ ಖಾಲಿ ಸೈಟುಗಳ ನಡುವೆ ಮನೆ ಕಟ್ಟಿದವರಿಗೂ ಇದೇ ಕಥೆ. ಹಾಗಾಗಿ ಹೊಂದಾಣಿಕೆಯ ಪ್ರಶ್ನೆಯನ್ನು ಈ ಕರೆಯದೆ ಬರುವವರ ಬಗ್ಗೆಯೂ ಕೇಳಬೇಕು.

ಹಲ್ಲಿಯನ್ನು ಓಡಿಸಲು ಹೋಗಬೇಡ, ಸೊಳ್ಳೆ, ನೊಣ ತಿನ್ನುತ್ತದೆ. ಅದರ ಹಿಕ್ಕೆ ನೀರಿಗೆ ಬೀಳದಂತೆ ಮಾತ್ರ ನೋಡಿಕೊ. ಲೈಟಿನ ಕೆಳಗೆ ಹಲ್ಲಿ ಸೇರುತ್ತದೆ, ನೀರಿನ ಬಟ್ಟಲು ಅಲ್ಲಿ ಇರಬಾರದು. ಓತಿಕ್ಯಾತ ಹೊರಗಿನ ಬೇಲಿಯ ಮೇಲೆ ಕೂತು ತಲೆ ಕುಣಿಸುತ್ತಿರಲಿ. ಒಳಗೆ ಬಂದರೆ ಆಗಷ್ಟೇ ಮೊಟ್ಟೆಯೊಡೆದು ಬಂದ ಫಿಂಚ್ ಮರಿ ಅದರ ಬಾಯಿಗೆ ಸರಿಯಾಗಿ ಹಿಡಿಸುತ್ತದೆ. ಹಾವುರಾಣಿಗೆ ಹೆದರಬೇಡ, ಅದು ತೊಂದರೆ ಮಾಡುವುದಿಲ್ಲ.

ಕೇರೆ ಹಾವು ಬೇರೆ ಲೆಕ್ಕ. ಮರ ಹತ್ತುತ್ತದೆ, ಮಡಕೆಯೊಳಗೆ ತಲೆ ಹಾಕುತ್ತದೆ. ಒಂದಿಂಚಿನ ಜಾಲರಿಯಲ್ಲಿ ಅದರ ಮರಿ ಆರಾಮಾಗಿ ನುಸುಳುತ್ತದೆ. ಹಕ್ಕಿ ನುಂಗಿದ ಮೇಲೆ ಹೊಟ್ಟೆ ದಪ್ಪವಾಗಿ ಹೊರಗೆ ಹೋಗಲಾಗದೆ ಮೂಲೆಯಲ್ಲಿ ಸುತ್ತಿಕೊಂಡಿರುತ್ತದೆ, ಬೆಳಿಗ್ಗೆ ನೀನು ಕೈ ಹಾಕುವುದು ಅಲ್ಲಿಗೇ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕು, ಕೆಳಗಿನ ಎರಡಡಿಗೆ ಕಾಲಿಂಚಿನದು ಇನ್ನೊಂದು ಪದರ. ಜಾಲರಿಯನ್ನು ಒಂದೂವರೆ ಅಡಿ ನೆಲದೊಳಗೆ ಇಳಿಸಿ ಕಾಂಕ್ರೀಟ್ ಹಾಕಿಸು. ಬಾಗಿಲಿನ ಕೆಳಗೆ ಪೆನ್ಸಿಲ್ ತೂರಿಸಿ ನೋಡು. ಪೆನ್ಸಿಲ್ ಹೋದರೆ ಹಾವಿನ ಮರಿಯೂ ಹೋಗುತ್ತದೆ.

• ಖರ್ಚು ಉಳಿಸಲು ನೈಲಾನ್ ಬಲೆ ಕಟ್ಟಬೇಡ. ಹಾವಿನ ಹುರುಪೆ ಹಿಂದಕ್ಕೆ ಮುಖ ಮಾಡಿರುತ್ತದೆ. ಬಲೆಯ ಕಣ್ಣಿಗೆ ತಲೆ ತೂರಿಸಿದರೆ ಮುಂದೆ ಹೋಗಬಲ್ಲದು, ಹಿಂದೆ ಬರಲಾರದು. ಎಳೆದಷ್ಟೂ ದಾರ ಚರ್ಮದೊಳಗೆ ಇಳಿಯುತ್ತದೆ. ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸುವವರ ಕೈಯಲ್ಲಿ ಆ ಹಾವನ್ನು ಒಮ್ಮೆ ನೋಡಿದರೆ ಯಾರೂ ಮತ್ತೆ ನೈಲಾನ್ ಬಲೆ ತರುವುದಿಲ್ಲ. ಹಾವು ಒಳಗೆ ಬಂದರೆ ಹೊಡೆಯಬೇಡ, ಕೇರೆಗೂ ನಾಗರಕ್ಕೂ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಗೆ ಫೋನ್ ಮಾಡು, ಹಾವು ಹಿಡಿಯಲು ಬಲ್ಲವರನ್ನು ಅವರೇ ಕಳಿಸುತ್ತಾರೆ.

• ಹಾವು ಬಾರದಿರಬೇಕಾದರೆ ಇಲಿ ಬರಬಾರದು, ಇಲಿ ಬಾರದಿರಬೇಕಾದರೆ ಸಂಜೆ ಆರರ ಮೇಲೆ ಗೂಡಿನಲ್ಲಿ ಕಾಳು ಇರಬಾರದು. ಕಾಳಿನ ತಟ್ಟೆಯನ್ನು ರಾತ್ರಿ ಹೊರಗೆ ತಂದುಬಿಡು.

• ಕಾಕಟೈಲ್ ಇಟ್ಟರೆ ರಾತ್ರಿಗೊಂದು ಝೀರೋ ಕ್ಯಾಂಡಲ್ ಬಲ್ಬ್ ಉರಿಯಲಿ. ಕತ್ತಲಲ್ಲಿ ಜಾಲರಿಯ ಮೇಲೆ ಹಲ್ಲಿ ಸರಿದರೂ ಸಾಕು, ಇಡೀ ಗುಂಪು ಬೆದರಿ ಗೋಡೆಗೆ ಬಡಿದುಕೊಂಡು ರೆಕ್ಕೆಯಿಂದ ರಕ್ತ ಸುರಿಸಿಕೊಳ್ಳುತ್ತದೆ. ಕರೆಂಟ್ ಹೋದರೂ ಉರಿಯುವಂತೆ ಯುಪಿಎಸ್‌ಗೆ ಜೋಡಿಸು.

• ಹೊಸ ಜಿಐ ಜಾಲರಿಯ ಮೇಲೆ ಸತುವಿನ ಪುಡಿ, ಗಂಟು ಇರುತ್ತದೆ. ಗಿಳಿಜಾತಿಯ ಹಕ್ಕಿಗಳಿಗೆ ಕಂಬಿ ಕಡಿಯುವ ಚಟ, ಸತು ಹೊಟ್ಟೆಗೆ ಹೋದರೆ ವಿಷ. ವಿನೆಗರ್ ಹಚ್ಚಿ ಗಟ್ಟಿ ಬ್ರಶ್ಶಿನಿಂದ ಉಜ್ಜಿ, ನೀರು ಹೊಡೆದು, ಒಂದಷ್ಟು ದಿನ ಮಳೆ ಬಿಸಿಲಿಗೆ ಬಿಡು. ನೀನು ಒಳಹೋಗುವಾಗ ಹಕ್ಕಿ ಹಾರಿಹೋಗದಂತೆ ಬಾಗಿಲು ಎರಡಿರಲಿ, ಒಂದರ ಹಿಂದೆ ಇನ್ನೊಂದು.

• ದಾವಣಗೆರೆಯ ಏಪ್ರಿಲ್ ನಿನಗೆ ಗೊತ್ತು, ಉಷ್ಣಾಂಶ 38–40ಕ್ಕೆ ಏರುತ್ತದೆ. ತಗಡಿನ ಮಾಡಿನಡಿ ಇನ್ನೂ ಹೆಚ್ಚು. ಮಾಡಿನ ಮೇಲೆ ತೆಂಗಿನ ಗರಿ ಹೊದಿಸು, ಪಶ್ಚಿಮಕ್ಕೆ ಗೋಡೆ ಇರಲಿ. ಹಕ್ಕಿ ಕೊಕ್ಕು ತೆರೆದು, ರೆಕ್ಕೆ ಮೈಯಿಂದ ಬಿಡಿಸಿಕೊಂಡು ಕೂತರೆ ಅದಕ್ಕೆ ಝಳ ತಡೆಯಲಾಗುತ್ತಿಲ್ಲ ಎಂದರ್ಥ, ಕೂಡಲೇ ನೆಲಕ್ಕೆ ನೀರು ಹೊಡೆ. ಹಾಗೆಂದು ಬಿಸಿಲೇ ಇಲ್ಲದಂತೆ ಮುಚ್ಚಬೇಡ. ಆಮೆಗೆ ಮೂಳೆ, ಚಿಪ್ಪು ಗಟ್ಟಿಯಾಗಲು ಬೆಳಗಿನ ನೇರ ಬಿಸಿಲು ಬೇಕು, ಗಾಜಿನ ಮೂಲಕ ಬಂದ ಬಿಸಿಲಿಂದ ಪ್ರಯೋಜನವಿಲ್ಲ.

• ಹೊಗೆ. ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆಯಿರುವವರು ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಗೂಡು ಕಟ್ಟಬೇಕು. ಅಡುಗೆಮನೆಯ ಕಿಟಕಿಗೆ ಎದುರಾಗಿ ಕಟ್ಟಲೇಬೇಡ. ಕಾದು ಸೀದ ನಾನ್‌ಸ್ಟಿಕ್ ತವೆಯ ಆವಿ ಒಂದೇ ಸಲಕ್ಕೆ ಇಡೀ ಗೂಡನ್ನು ಖಾಲಿ ಮಾಡಬಲ್ಲದು. ದೋಸೆಗೆ ಕಬ್ಬಿಣದ ಕಾವಲಿಯೇ ಇರಲಿ.

• ತಿನಿಸಿಗೆ ನಮ್ಮ ಊರೇ ಸಾಕು. ನವಣೆ, ಸಜ್ಜೆ, ಸಾಮೆ ಬೆರೆಸಿ ಕೊಡು, ಪೊಟ್ಟಣದ ವಿದೇಶಿ ಕಾಳಿನ ಅಗತ್ಯವಿಲ್ಲ. ಮೆಕ್ಕೆಜೋಳ ನಮ್ಮಲ್ಲಿ ರಾಶಿ ರಾಶಿ ಸಿಗುತ್ತದೆಂದು ಮಳೆಗಾಲದ ಬೂಸ್ಟು ಹಿಡಿದ ನುಚ್ಚು ಹಾಕಬೇಡ, ಅದರ ವಿಷ ಯಕೃತ್ತನ್ನು ತಿನ್ನುತ್ತದೆ. ನುಗ್ಗೆಸೊಪ್ಪು ಹಕ್ಕಿಗೂ ಆಮೆಗೂ ಒಳ್ಳೆಯದು. ಆಮೆಗೆ ದಾಸವಾಳದ ಎಲೆ, ಹೂವು, ಮುಳ್ಳು ಕೆರೆದ ಪಾಪಸ್ ಕಳ್ಳಿ ಕೊಡು. ಬೆಣ್ಣೆಹಣ್ಣು ಹಕ್ಕಿಗೆ ವಿಷ. ಕಣಗಿಲೆ ಗಿಡ ಏವಿಯರಿಯ ಒಳಗೂ ಬೇಡ, ಎಲೆ ಉದುರುವಷ್ಟು ಹತ್ತಿರದಲ್ಲೂ ಬೇಡ. ಖಾರಾ ಮಂಡಕ್ಕಿ ಹಾಕುವ ನೆಂಟರನ್ನು ಗೂಡಿನಿಂದ ದೂರ ಇಡು.

• ಹೊಸ ಹಕ್ಕಿಯನ್ನು 30 ದಿನ ಬೇರೆ ಕೋಣೆಯಲ್ಲಿಟ್ಟು, ಹಿಕ್ಕೆ ಪರೀಕ್ಷೆ ಮಾಡಿಸಿ ಒಳಗೆ ಬಿಡು. ಆಮೆಯ ಅಂಕಣಕ್ಕೆ ಬೇರೆ ಪೊರಕೆ, ಬೇರೆ ಬಕೆಟ್, ಬೇರೆ ಚಪ್ಪಲಿ. ಮೊದಲು ಹಕ್ಕಿ, ಆಮೇಲೆ ಆಮೆ, ಆಮೇಲೆ ಸೋಪಿನಿಂದ ಕೈ. ಈ ಕ್ರಮ ತಪ್ಪಬಾರದು.

• 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯವನ್ನೇ ಒಂದು ತಿಂಗಳ ಮಟ್ಟಿಗೆ ಮುಚ್ಚಿದ್ದರು. 1892ರಿಂದ ನಡೆದು ಬಂದ, ಸ್ವಂತ ವೈದ್ಯರಿರುವ ಸಂಸ್ಥೆಗೇ ಹಾಗಾಯಿತು. ಚಳಿಗಾಲದಲ್ಲಿ ಕುಂದವಾಡ ಕೆರೆಗೆ, ಕೊಂಡಜ್ಜಿ ಕೆರೆಗೆ ವಲಸೆ ಹಕ್ಕಿಗಳು ಬರುತ್ತವೆ. ಅವು ನಮ್ಮ ಭಾಗ್ಯ, ಆದರೆ ಅವುಗಳ ಹಿಕ್ಕೆ ನಿನ್ನ ಗೂಡಿನೊಳಗೆ ಬೀಳಬಾರದು. ಕೊಂಬೆ, ತಟ್ಟೆ ಇರುವ ಕಡೆಯೆಲ್ಲ ಮೇಲೆ ಗಟ್ಟಿ ಮಾಡು ಇರಲಿ, ಜಾಲರಿ ಸಾಲದು.

• ವೈದ್ಯರನ್ನು ಹಕ್ಕಿ ತರುವ ಮೊದಲೇ ಹುಡುಕಿಕೊ. ದನ, ಕುರಿ ನೋಡುವ ಒಳ್ಳೆಯ ವೈದ್ಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಕ್ಕಿ, ಆಮೆ ಬೇರೆ ವಿದ್ಯೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿಕೊಂಡು ಬಾ. ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯಕ್ಕೂ ಬಿಡುವಾಗಿ ಹೋಗು. ಪ್ರಾಣಿ ನೋಡುವುದರ ಜೊತೆಗೆ ಚರಂಡಿ ಎಲ್ಲಿದೆ, ಎರಡು ಬಾಗಿಲು ಹೇಗಿದೆ, ನೆರಳು ಎಷ್ಟಿದೆ ಎಂದೂ ನೋಡಿ ಬರೆದುಕೊ.

• ಯಾವುದೇ ಜೀವ ಬೇಡವಾದರೆ ಕೆರೆಗೋ ಹೊಳೆಗೋ ಬಿಡಬೇಡ. ಕೆಂಪು ಕಿವಿಯ ಆಮೆಯನ್ನು ತುಂಗಭದ್ರೆಗೆ ಬಿಟ್ಟರೆ ನಮ್ಮ ಹೊಳೆಯ ಆಮೆಗಳ ಆಹಾರ, ಬಿಸಿಲು ಕಾಯುವ ಬಂಡೆ ಎರಡನ್ನೂ ಕಿತ್ತುಕೊಳ್ಳುತ್ತದೆ. ಬಡ್ಜಿಯನ್ನು ಹಾರಿಬಿಟ್ಟರೆ ಸಂಜೆಯೊಳಗೆ ಕಾಗೆಯ ಪಾಲು. ಪುಣ್ಯ ಬರುತ್ತದೆಂದು ಹಾಗೆ ಮಾಡುವವರನ್ನು ಕಂಡರೆ ತಡೆ. ಆಮೆ ಹಲವು ದಶಕ ಬದುಕುತ್ತದೆ. ನಿನ್ನ ನಂತರ ಯಾರು ನೋಡಿಕೊಳ್ಳುತ್ತಾರೆ ಎಂದು ಮನೆಯಲ್ಲಿ ಈಗಲೇ ಕೇಳಿ, ಒಬ್ಬರ ಬಾಯಿಂದ ಹೂಂ ಎನ್ನಿಸಿಕೊಂಡು ಮುಂದುವರಿ.

• ಕೊನೆಗೆ ಕೊಳ್ಳುವ ಕ್ರಮ. ಗೂಡು ಈ ಮಳೆಗಾಲ ಪೂರ್ತಿ ಖಾಲಿಯೇ ನಿಲ್ಲಲಿ. ನೀರು ಎಲ್ಲಿ ನಿಲ್ಲುತ್ತದೆ, ಇಲಿ ಎಲ್ಲಿ ತೋಡುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಮಳೆ ನಿಂತ ಮೇಲೆ ಜೀಬ್ರಾ ಫಿಂಚ್, ಬೆಂಗಾಲೀಸ್ ಒಟ್ಟಿಗೆ ಬಿಡು. ಒಂದು ಬೇಸಿಗೆ ಅವನ್ನು ನಷ್ಟವಿಲ್ಲದೆ ದಾಟಿಸಿದ ಮೇಲೆ ಪಕ್ಕದ ಅಂಕಣದ ಮಾತು. ಜಾಲರಿ ತರುವ ದಿನ ಹೇಳು, ಜೊತೆಗೆ ಬರುತ್ತೇನೆ. ಅರ್ಧ ಇಂಚು ಎಂದು ಕೇಳಿದರೆ ಕಣ್ಣಳತೆಯಲ್ಲಿ ಮುಕ್ಕಾಲು ಇಂಚಿನ ಸುರುಳಿ ಎತ್ತಿ ಕೊಡುವುದುಂಟು, ಟೇಪು ಜೇಬಿನಲ್ಲಿಟ್ಟುಕೊಂಡೇ ಹೋಗೋಣ.